ಸೈಪ್ರಸ್‌ನಲ್ಲಿ ಸಮರಾಭ್ಯಾಸ ರದ್ದಾದರೆ ಅದ್ಯಾಕೆ ಅಷ್ಟು ದೊಡ್ಡ ಸುದ್ದಿ?

2008ರ ಅಕ್ಟೋಬರ್‌ನಲ್ಲಿ ಸೈಪ್ರಸ್ ದ್ವೀಪದಲ್ಲಿ ಎರಡು ಸಮರಾಭ್ಯಾಸ ನಡೆಯಬೇಕಿತ್ತು. ಎರಡೂ ನಡೆಯಲಿಲ್ಲ. ದಕ್ಷಿಣದ ಗ್ರೀಕ್ ಸೈಪ್ರಿಯಟ್ ಸರ್ಕಾರ ತನ್ನ ‘ನಿಕಿಫೊರೋಸ್’ ಅಭ್ಯಾಸವನ್ನು ಕೈಬಿಟ್ಟಿತು. ಉತ್ತರದಲ್ಲಿರುವ ಟರ್ಕಿಯ ಕಡೆಯವರು ತಮ್ಮ ‘ಟೊರೋಸ್’ ಅಭ್ಯಾಸವನ್ನು ಕೈಬಿಟ್ಟರು. ಅಷ್ಟೇ. ಒಪ್ಪಂದಕ್ಕೆ ಯಾರೂ ಸಹಿ ಹಾಕಲಿಲ್ಲ. ಒಬ್ಬನೇ ಒಬ್ಬ ಸೈನಿಕ ದ್ವೀಪ ಬಿಟ್ಟು ಹೋಗಲಿಲ್ಲ. ಆದರೂ ಆ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 1847ನೇ ನಿರ್ಣಯದಲ್ಲಿ ಈ ಎರಡು ಅಭ್ಯಾಸಗಳ ಹೆಸರು ಹಿಡಿದು, ರದ್ದು ಮಾಡಿದ್ದನ್ನು ಸ್ವಾಗತಿಸಿತು.

ನಡೆಯದೇ ಹೋದ ಕಾರ್ಯಕ್ರಮಕ್ಕೆ ಭದ್ರತಾ ಮಂಡಳಿ ಯಾಕೆ ಶಭಾಷ್ ಅನ್ನಬೇಕು? ಇದೊಂದು ಅರ್ಥವಾದರೆ ಸೈಪ್ರಸ್ ಜಗಳದ ಅರ್ಧ ಅರ್ಥವಾದ ಹಾಗೆ. ಅಲ್ಲಿ ಸಮರಾಭ್ಯಾಸ ಅಂದರೆ ಬರೀ ಸೈನಿಕರ ತಾಲೀಮಲ್ಲ. ಒಬ್ಬರನ್ನೊಬ್ಬರು ಸರ್ಕಾರ ಅಂತಲೇ ಒಪ್ಪದ ಎರಡು ಕಡೆಯವರು ಮಾತಾಡಿಕೊಳ್ಳುವ ಒಂದು ರೀತಿ ಅದು.

ಮೊದಲು ನಕ್ಷೆ ನೋಡೋಣ. ಸೈಪ್ರಸ್ ಇರುವುದು ಮೆಡಿಟರೇನಿಯನ್ ಸಮುದ್ರದ ಪೂರ್ವ ಮೂಲೆಯಲ್ಲಿ. ಟರ್ಕಿಯ ತೀರ ಅಲ್ಲಿಂದ ಸುಮಾರು 70 ಕಿ.ಮೀ. ಗ್ರೀಸ್‌ಗೆ ಸೇರಿದ ಕ್ರೀಟ್ ದ್ವೀಪ 500 ಕಿ.ಮೀ.ಗೂ ದೂರ, ಅಥೆನ್ಸ್ ಇನ್ನೂ ದೂರ. ಈ ಎರಡು ದೂರಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುವ ಎಷ್ಟೋ ವಿಷಯಕ್ಕೆ ಇದೇ ಕಾರಣ. ದ್ವೀಪದ ಜನರಲ್ಲಿ ಬಹುಪಾಲು ಗ್ರೀಕ್ ಮಾತಾಡುವ ಆರ್ಥೊಡಾಕ್ಸ್ ಕ್ರೈಸ್ತರು. 1960ರ ಲೆಕ್ಕದಲ್ಲಿ ನೂರಕ್ಕೆ ಸುಮಾರು 18 ಜನ ಟರ್ಕಿಶ್ ಮಾತಾಡುವ ಮುಸ್ಲಿಮರು. ಅಂದರೆ ದ್ವೀಪದೊಳಗೆ ಟರ್ಕಿಶ್ ಸೈಪ್ರಿಯಟರು ಅಲ್ಪಸಂಖ್ಯಾತರು, ಆದರೆ ಆ ಪ್ರದೇಶವನ್ನು ಒಟ್ಟಾಗಿ ನೋಡಿದರೆ ಗ್ರೀಕ್ ಸೈಪ್ರಿಯಟರೇ ಅಲ್ಪಸಂಖ್ಯಾತರು. ಯಾಕೆಂದರೆ ಪಕ್ಕದಲ್ಲೇ ಟರ್ಕಿ ಇದೆ. ಹಾಗಾಗಿ ಎರಡೂ ಕಡೆಯವರಿಗೆ ‘ನಾವು ಕಡಿಮೆ ಇದ್ದೇವೆ’ ಎನ್ನುವ ಭಯ. ಎರಡೂ ಭಯ ನಿಜವೇ.

ಬ್ರಿಟಿಷರು 1960ರಲ್ಲಿ ಹೊರಟಾಗ ಬಿಟ್ಟುಹೋದ ವ್ಯವಸ್ಥೆ ವಿಚಿತ್ರವಾಗಿತ್ತು. ಅಧ್ಯಕ್ಷ ಗ್ರೀಕ್ ಸೈಪ್ರಿಯಟ್ ಆಗಿರಬೇಕು, ಉಪಾಧ್ಯಕ್ಷ ಟರ್ಕಿಶ್ ಸೈಪ್ರಿಯಟ್ ಆಗಿರಬೇಕು. ಸರ್ಕಾರಿ ನೌಕರಿ 70ಕ್ಕೆ 30, ಸೈನ್ಯ 60ಕ್ಕೆ 40. ದೊಡ್ಡ ವಿಷಯಗಳಲ್ಲಿ ಉಪಾಧ್ಯಕ್ಷರಿಗೆ ವೀಟೊ. ಇದರ ಜೊತೆಗೆ ಎರಡು ಒಪ್ಪಂದಗಳು. ಒಂದರ ಪ್ರಕಾರ ಗ್ರೀಸ್‌ನ 950 ಸೈನಿಕರು, ಟರ್ಕಿಯ 650 ಸೈನಿಕರು ದ್ವೀಪದಲ್ಲೇ ಇರಬಹುದು. ಇನ್ನೊಂದರ ಪ್ರಕಾರ ಬ್ರಿಟನ್, ಗ್ರೀಸ್, ಟರ್ಕಿ ಈ ಹೊಸ ದೇಶದ ಜಾಮೀನುದಾರರು. ವ್ಯವಸ್ಥೆ ಕೆಟ್ಟರೆ ಮೂವರೂ ಸೇರಿ ಚರ್ಚಿಸಬೇಕು. ಅದು ಆಗದಿದ್ದರೆ, ಹಿಂದಿನ ಸ್ಥಿತಿಯನ್ನು ಮರಳಿ ತರುವ ಉದ್ದೇಶಕ್ಕೆ ಮಾತ್ರ, ಒಬ್ಬೊಬ್ಬರೇ ಕ್ರಮ ತೆಗೆದುಕೊಳ್ಳಬಹುದು. ‘ಕ್ರಮ’ ಅಂದರೆ ಸೈನ್ಯ ಕಳಿಸುವುದೂ ಸೇರುತ್ತದಾ ಅಂತ ಯಾರೂ ಬಿಡಿಸಿ ಬರೆಯಲಿಲ್ಲ. ಬ್ರಿಟನ್ ಅಂತೂ ಅಕ್ರೊಟಿರಿ, ಢೆಕೇಲಿಯಾ ಎಂಬ ಎರಡು ಸೇನಾ ನೆಲೆಗಳನ್ನು ತನ್ನ ಸ್ವಂತ ನೆಲವಾಗಿಯೇ ಉಳಿಸಿಕೊಂಡಿತು. ಅವು ಇವತ್ತಿಗೂ ಬ್ರಿಟನ್ನಿನದೇ.

ಈ ಸಂಸಾರ ಮೂರೇ ವರ್ಷ ನಡೆಯಿತು. 1963ರ ಕೊನೆಯಲ್ಲಿ ಅಧ್ಯಕ್ಷ, ಆರ್ಚ್‌ಬಿಷಪ್ ಮಕಾರಿಯೋಸ್ ಸಂವಿಧಾನಕ್ಕೆ 13 ತಿದ್ದುಪಡಿ ಬೇಕೆಂದರು. ವೀಟೊ ತೆಗೆಯುವುದೂ ಅದರಲ್ಲಿತ್ತು. ಕ್ರಿಸ್‌ಮಸ್ ಹೊತ್ತಿಗೆ ರಾಜಧಾನಿ ನಿಕೋಸಿಯಾದಲ್ಲಿ ಗುಂಡಿನ ಸದ್ದು. ಬ್ರಿಟಿಷ್ ಮೇಜರ್ ಜನರಲ್ ಪೀಟರ್ ಯಂಗ್ ಊರಿನ ನಕ್ಷೆಯ ಮೇಲೆ ಹಸಿರು ಪೆನ್ಸಿಲ್‌ನಲ್ಲಿ ಗೆರೆ ಎಳೆದು ಎರಡೂ ಕಡೆಯವರನ್ನು ಬೇರೆ ಮಾಡಿದರು. ‘ಗ್ರೀನ್ ಲೈನ್’ ಎಂಬ ಹೆಸರು ಬಂದಿದ್ದು ಹಾಗೆ. 1964ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ಒಪ್ಪಿಗೆ ಸಿಕ್ಕಿತು. ಮೊದಲ ಅವಧಿ ಮೂರು ತಿಂಗಳು. ಆ ಪಡೆ ಇನ್ನೂ ಅಲ್ಲೇ ಇದೆ.

ಇಲ್ಲಿ ನಮ್ಮ ಕೊಡಗಿನವರೊಬ್ಬರು ಬರುತ್ತಾರೆ. ಆ ಪಡೆಯ ಮೊದಲ ಕಮಾಂಡರ್ ಭಾರತದ ಲೆಫ್ಟಿನೆಂಟ್ ಜನರಲ್ ಪ್ರೇಮ್ ಸಿಂಗ್ ಗ್ಯಾನಿ. ಅವರ ನಂತರ 1964ರಲ್ಲಿ ಬಂದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಭಾರತದ ಸೇನಾ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೆ ಈ ಕೆಲಸ ಒಪ್ಪಿಕೊಂಡಿದ್ದರು. ಅವರು ಹೋದ ಹೊಸತರಲ್ಲೇ, ಆಗಸ್ಟ್‌ನಲ್ಲಿ, ವಾಯವ್ಯ ತೀರದ ಕೊಕಿನಾ ಬಳಿ ಹೋರಾಟ ಜೋರಾಗಿ ಟರ್ಕಿಯ ಯುದ್ಧವಿಮಾನಗಳು ಬಾಂಬ್ ಹಾಕಿದವು. 1965ರ ಡಿಸೆಂಬರ್ 18ರಂದು ತಿಮ್ಮಯ್ಯ ಸೈಪ್ರಸ್‌ನಲ್ಲಿ ಕೆಲಸದಲ್ಲಿದ್ದಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ತಂದಿತು. ಲಾರ್ನಕಾ ಊರಿನಲ್ಲಿ ಅವರ ಹೆಸರಿನ ರಸ್ತೆಯೂ ಇದೆ. ಕೊಡಗಿನಲ್ಲಿ ಇದು ಗೊತ್ತಿರುವ ಮಾತು, ಘಟ್ಟದ ಈಚೆಗೆ ಎಷ್ಟು ಜನಕ್ಕೆ ಗೊತ್ತೋ ಕಾಣೆ.

ಈಗ ಸಮರಾಭ್ಯಾಸದ ಭಯ ಹುಟ್ಟಿದ 1974ಕ್ಕೆ, ಸ್ವಲ್ಪ ಹಿಂದಿನಿಂದ ಬರೋಣ. 1964ರಲ್ಲಿ ಟರ್ಕಿ ‘ಸೈನ್ಯ ಇಳಿಸುತ್ತೇವೆ’ ಎಂದು ಹೆದರಿಸಿತು, ಅಮೆರಿಕದ ಅಧ್ಯಕ್ಷ ಜಾನ್ಸನ್ ಖಾರವಾದ ಪತ್ರ ಬರೆದ ಮೇಲೆ ನಿಂತಿತು. 1967ರಲ್ಲಿ ಮತ್ತೆ ಅದೇ ಬೆದರಿಕೆ, ಮತ್ತೆ ಅಮೆರಿಕದ ಮಧ್ಯಸ್ಥಿಕೆ. ಎರಡು ಸಲ ಹಡಗುಗಳು ಸಿದ್ಧವಾಗಿ ಸುಮ್ಮನಾಗಿದ್ದವು. 1974ರ ಜುಲೈ 15ರಂದು, ಗ್ರೀಸ್‌ನ ಮಿಲಿಟರಿ ಸರ್ಕಾರದ ಮಾತು ಕೇಳಿ, ಸೈಪ್ರಸ್‌ನದೇ ಸೈನ್ಯವಾದ ನ್ಯಾಷನಲ್ ಗಾರ್ಡ್ ಮಕಾರಿಯೋಸ್ ಅವರನ್ನು ಉರುಳಿಸಿತು. ದ್ವೀಪವನ್ನು ಗ್ರೀಸ್‌ಗೆ ಸೇರಿಸಬೇಕೆನ್ನುವ ಗುಂಪಿನ ನಿಕೋಸ್ ಸ್ಯಾಂಪ್ಸನ್‌ರನ್ನು ಕುರ್ಚಿಯಲ್ಲಿ ಕೂರಿಸಿತು. ಟರ್ಕಿಯ ಹಡಗುಗಳು ಮತ್ತೆ ಹೊರಟಾಗ ಇದೂ ಬರೀ ಬೆದರಿಕೆ ಅಂದುಕೊಂಡವರು ಬಹಳ. ಜುಲೈ 20ರ ಬೆಳಿಗ್ಗೆ ಕೈರೇನಿಯಾ ಊರಿನ ಪಶ್ಚಿಮಕ್ಕಿರುವ ಪೆಂಟೆಮಿಲಿ ಎಂಬ ಕಡಲ ತೀರದಲ್ಲಿ ಸೈನ್ಯ ನಿಜವಾಗಿಯೂ ಇಳಿಯಿತು.

ಸ್ಯಾಂಪ್ಸನ್ ಎಂಟು ದಿನಕ್ಕೇ ಇಳಿದರು. ಅಥೆನ್ಸ್‌ನ ಮಿಲಿಟರಿ ಸರ್ಕಾರವೂ ಬಿತ್ತು. ಒಪ್ಪಂದದ ಮಾತೇ ಹಿಡಿದು ಹೇಳುವುದಾದರೆ ‘ಹಿಂದಿನ ಸ್ಥಿತಿ’ಗೆ ದಾರಿ ತೆರೆದಿತ್ತು. ಆದರೆ ಆಗಸ್ಟ್ 14ಕ್ಕೆ ಟರ್ಕಿ ಎರಡನೇ ಸಲ ಮುನ್ನುಗ್ಗಿ, ದ್ವೀಪದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, ಸುಮಾರು ಶೇ 36ರಷ್ಟು ನೆಲ ಹಿಡಿಯಿತು. ಮೊದಲ ಸಲದ್ದಕ್ಕೆ ಟರ್ಕಿಗೆ ಒಂದು ವಾದವಾದರೂ ಇದೆ, ಎರಡನೆಯದಕ್ಕೆ ನನಗಂತೂ ಯಾವ ವಾದವೂ ಕಾಣುವುದಿಲ್ಲ. ಲಕ್ಷಾಂತರ ಗ್ರೀಕ್ ಸೈಪ್ರಿಯಟರು ದಕ್ಷಿಣಕ್ಕೆ ಓಡಿದರು, ಹತ್ತಾರು ಸಾವಿರ ಟರ್ಕಿಶ್ ಸೈಪ್ರಿಯಟರು ಉತ್ತರಕ್ಕೆ ಹೋದರು. 1963ರಿಂದ 1974ರವರೆಗಿನ ಗಲಭೆ, ಯುದ್ಧಗಳಲ್ಲಿ ಕಾಣೆಯಾದವರ ಅಧಿಕೃತ ಪಟ್ಟಿಯಲ್ಲಿ 2,002 ಹೆಸರುಗಳಿವೆ. ಎರಡೂ ಕಡೆಯವರು ಅದರಲ್ಲಿದ್ದಾರೆ. ಅವರ ಮೂಳೆಗಳನ್ನು ಹುಡುಕುವ ಕೆಲಸ ಇವತ್ತಿಗೂ ನಡೆದಿದೆ.

ಕದನವಿರಾಮದ ಎರಡು ಸಾಲುಗಳ ನಡುವೆ 180 ಕಿ.ಮೀ. ಉದ್ದದ ಬಫರ್ ವಲಯ ಉಳಿಯಿತು. ಕೆಲವು ಕಡೆ ಅದರ ಅಗಲ ಏಳು ಕಿ.ಮೀ. ಹಳೆಯ ನಿಕೋಸಿಯಾದ ಓಣಿಗಳಲ್ಲಿ ಕೆಲವೇ ಮೀಟರ್: ಈ ಬಾಲ್ಕನಿಯಲ್ಲಿ ಒಬ್ಬ ಸೈನಿಕ, ಆ ಬಾಲ್ಕನಿಯಲ್ಲಿ ಇನ್ನೊಬ್ಬ, ನಡುವೆ ಮರಳಿನ ಮೂಟೆ, ತುಕ್ಕು ಹಿಡಿದ ಡ್ರಮ್ಮುಗಳು. ಅಷ್ಟು ಹತ್ತಿರ ಇದ್ದವರು ಬೈದಾಡಿಕೊಂಡು, ಕಲ್ಲೆಸೆದು, ಗುಂಡು ಹಾರುವ ಮಟ್ಟಕ್ಕೆ ಹೋಗುತ್ತಿದ್ದರು. ಅದಕ್ಕೇ 1989ರಲ್ಲಿ ಊರೊಳಗಿನ ಕೆಲವು ಠಾಣೆಗಳನ್ನು ಎರಡೂ ಕಡೆ ಖಾಲಿ ಮಾಡುವಂತೆ ವಿಶ್ವಸಂಸ್ಥೆ ಒಪ್ಪಿಸಿತು. 1983ರಲ್ಲಿ ಉತ್ತರದವರು ತಮ್ಮದೇ ಗಣರಾಜ್ಯ ಘೋಷಿಸಿಕೊಂಡರು. ಅದನ್ನು ದೇಶವೆಂದು ಒಪ್ಪಿದ್ದು ಟರ್ಕಿ ಒಂದೇ. ಟರ್ಕಿ ಅತ್ತ ದಕ್ಷಿಣದ ಸೈಪ್ರಸ್ ಗಣರಾಜ್ಯವನ್ನು ಒಪ್ಪುವುದಿಲ್ಲ, ವಿಶ್ವಸಂಸ್ಥೆಯ ಸದಸ್ಯ ದೇಶವಾದರೂ ಅಷ್ಟೇ, 2004ರಿಂದ ಯುರೋಪಿಯನ್ ಒಕ್ಕೂಟದ ಸದಸ್ಯ ದೇಶವಾದರೂ ಅಷ್ಟೇ.

ಇಷ್ಟು ಗೊತ್ತಾದ ಮೇಲೆ ಸಮರಾಭ್ಯಾಸ ನೋಡಿ. 1993ರಲ್ಲಿ ಗ್ರೀಸ್ ಮತ್ತು ಸೈಪ್ರಸ್ ‘ಜಂಟಿ ರಕ್ಷಣಾ ನೀತಿ’ ಮಾಡಿಕೊಂಡವು. ಸೈಪ್ರಸ್ ಮೇಲೆ ಬಿದ್ದರೆ ಗ್ರೀಸ್ ಮೇಲೆ ಬಿದ್ದಂತೆ ಎನ್ನುವುದು ಅದರ ಸಾರ. ಆ ದಿನಗಳ ನಿಕಿಫೊರೋಸ್‌ನಲ್ಲಿ ನ್ಯಾಷನಲ್ ಗಾರ್ಡ್ ಜೊತೆ ಗ್ರೀಸ್‌ನ ವಿಮಾನ, ಹಡಗುಗಳು ಸೇರುತ್ತಿದ್ದವು. ತಾಲೀಮಿನ ಕಥೆ ಸರಳ: ಉತ್ತರದಿಂದ ದಾಳಿ ಬಂತು, ತಡೆಯಬೇಕು, ಗ್ರೀಸ್‌ನಿಂದ ಸಹಾಯ ಬರುವವರೆಗೆ ನಿಲ್ಲಬೇಕು. ಟೊರೋಸ್‌ನ ಕಥೆ ಇದರ ಉಲ್ಟಾ: ದಕ್ಷಿಣದಿಂದ ದಾಳಿ ಬಂತು, ಟರ್ಕಿಯಿಂದ ಬಲ ತರಬೇಕು. ಗ್ರೀಕ್ ಸೈಪ್ರಿಯಟ್ ಅಜ್ಜಿಗೆ ಟೊರೋಸ್ ಅಂದರೆ 1974ರ ಜುಲೈ 20. ಟರ್ಕಿಶ್ ಸೈಪ್ರಿಯಟ್ ಅಜ್ಜನಿಗೆ ನಿಕಿಫೊರೋಸ್ ಅಂದರೆ 1963ರ ಕ್ರಿಸ್‌ಮಸ್, ಇಲ್ಲವೇ 1974ರ ಜುಲೈ 15. ಒಬ್ಬರ ರಕ್ಷಣೆಯ ತಾಲೀಮು ಇನ್ನೊಬ್ಬರ ಕೆಟ್ಟ ನೆನಪಿನ ನಾಟಕ. ಅದನ್ನೂ ಟಿವಿ ಕ್ಯಾಮೆರಾ ಮುಂದೆ ಆಡಬೇಕು.

ಇದು ಎಷ್ಟು ಬಿಸಿಯಾಗಬಹುದು ಅಂತ 1997-98ರಲ್ಲಿ ಗೊತ್ತಾಯಿತು. ಗ್ರೀಸ್ ದೂರ ಅಂದೆನಲ್ಲ, ಅಲ್ಲಿಂದ ಹಾರಿ ಬಂದ ಯುದ್ಧವಿಮಾನಕ್ಕೆ ಸೈಪ್ರಸ್ ಮೇಲೆ ಸುತ್ತಾಡಲು ಇಂಧನವೇ ಸಾಲುವುದಿಲ್ಲ. ಅದಕ್ಕೆ ಪಾಫೋಸ್‌ನಲ್ಲಿ ವಾಯುನೆಲೆ ಕಟ್ಟಿದರು. ನೆಲೆಯನ್ನು ಕಾಪಾಡಲು 1997ರ ಜನವರಿಯಲ್ಲಿ ರಷ್ಯಾದ ಎಸ್-300 ಕ್ಷಿಪಣಿಗಳಿಗೆ ಆರ್ಡರ್ ಕೊಟ್ಟರು. ಅವುಗಳ ವ್ಯಾಪ್ತಿ ಸುಮಾರು 150 ಕಿ.ಮೀ. ಟರ್ಕಿಯ ತೀರ 70 ಕಿ.ಮೀ. ದೂರ ಇದೆಯಲ್ಲ, ಅಂದರೆ ಟರ್ಕಿಯ ವಿಮಾನಗಳು ತಮ್ಮ ಆಕಾಶದಲ್ಲಿ ಇರುವಾಗಲೇ ಗುರಿಯಾಗಬಹುದು. ‘ತಂದು ನಿಲ್ಲಿಸಿದರೆ ಹೊಡೆಯುತ್ತೇವೆ’ ಎಂದಿತು ಟರ್ಕಿ. ಗ್ರೀಸ್ ಮತ್ತು ಟರ್ಕಿ ಎರಡೂ ನೇಟೊ ಸದಸ್ಯರು, ಅದು ನೆನಪಿರಲಿ. ಎರಡು ವರ್ಷ ಎಳೆದಾಡಿ, 1998ರ ಡಿಸೆಂಬರ್ ಕೊನೆಯಲ್ಲಿ ಸೈಪ್ರಸ್ ಅಧ್ಯಕ್ಷ ಗ್ಲಾಫ್ಕೋಸ್ ಕ್ಲೆರಿಡೆಸ್ ಕ್ಷಿಪಣಿಗಳನ್ನು ದ್ವೀಪಕ್ಕೆ ತರುವುದಿಲ್ಲ ಎಂದರು. ಅವು ಕ್ರೀಟ್‌ಗೆ ಹೋದವು. ಕ್ಷಿಪಣಿ ಬರಲಿಲ್ಲ, ಆದರೆ ಸೈಪ್ರಸ್ ಯುರೋಪಿಯನ್ ಒಕ್ಕೂಟ ಸೇರುವ ದಾರಿ ಮುಚ್ಚಲೂ ಇಲ್ಲ. ಕ್ಲೆರಿಡೆಸ್ ಅವರ ಲೆಕ್ಕ ಕಡೆಗೆ ಸರಿಯಾಗಿಯೇ ಇತ್ತು ಅಂತ ನನಗನ್ನಿಸುತ್ತದೆ.

ಇನ್ನು ರದ್ದು ಮಾಡುವುದರ ಗುಟ್ಟಿಗೆ ಬರೋಣ. ಬೇರೆ ಎಲ್ಲಾದರೂ ಎರಡು ವೈರಿ ದೇಶಗಳು ಸೈನ್ಯದ ಬಗ್ಗೆ ಒಪ್ಪಂದ ಮಾಡಿಕೊಳ್ಳಬೇಕೆಂದರೆ ಕೂತು, ಬರೆದು, ಸಹಿ ಹಾಕುತ್ತವೆ. ಭಾರತ ಮತ್ತು ಪಾಕಿಸ್ತಾನ 1991ರಲ್ಲಿ, ದೊಡ್ಡ ಸಮರಾಭ್ಯಾಸ ನಡೆಸುವ ಮೊದಲು ಪರಸ್ಪರ ತಿಳಿಸಬೇಕು ಎಂಬ ಒಪ್ಪಂದಕ್ಕೆ ಸಹಿ ಹಾಕಿವೆ. ಸೈಪ್ರಸ್‌ನಲ್ಲಿ ಆ ದಾರಿಯೇ ಇಲ್ಲ. ಸಹಿ ಹಾಕಿದರೆ ಎದುರಿನವರನ್ನು ಸರ್ಕಾರ ಅಂತ ಒಪ್ಪಿದಂತೆ. ದಕ್ಷಿಣದವರ ಪ್ರಕಾರ ಉತ್ತರದಲ್ಲಿರುವುದು ಆಕ್ರಮಿತ ನೆಲ, ಅಲ್ಲಿನ ‘ಮಂತ್ರಿ’ ಮಂತ್ರಿಯೇ ಅಲ್ಲ. ಅಂಕಾರಾದ, ಅಂದರೆ ಟರ್ಕಿ ಸರ್ಕಾರದ ಪ್ರಕಾರ ದಕ್ಷಿಣದಲ್ಲಿರುವುದು ‘ಗ್ರೀಕ್ ಸೈಪ್ರಿಯಟ್ ಆಡಳಿತ’, ದೇಶವಲ್ಲ. ಕಾಗದದ ತಲೆಬರಹ ಏನು ಬರೆಯಬೇಕು ಎನ್ನುವಲ್ಲೇ ಸಭೆ ಮುಗಿದುಹೋಗುತ್ತದೆ.

ಸಮರಾಭ್ಯಾಸ ರದ್ದು ಮಾಡಲು ಕಾಗದ ಬೇಡ. ನನ್ನದನ್ನು ನಾನು ನಿಲ್ಲಿಸುತ್ತೇನೆ, ನಿನ್ನದನ್ನು ನೀನು ನಿಲ್ಲಿಸು. ಘೋಷಣೆ ಬೇರೆ ಬೇರೆ, ಕಾರಣವೂ ಬೇರೆ ಬೇರೆ. ಯಾರೂ ಯಾರನ್ನೂ ಒಪ್ಪಿದಂತಾಗಲಿಲ್ಲ, ಆದರೂ ಕೆಲಸ ಆಯಿತು. ಇನ್ನೊಂದು ಅನುಕೂಲವೂ ಇದೆ. ಸೈನ್ಯ ವಾಪಸ್ ಕರೆಸಿದರೆ ಮತ್ತೆ ಕಳಿಸುವುದು ದೊಡ್ಡ ಗಲಾಟೆ. ಸಮರಾಭ್ಯಾಸ ಹಾಗಲ್ಲ. ಈ ವರ್ಷ ಬಿಟ್ಟರೆ ಮುಂದಿನ ವರ್ಷ ಮಾಡಬಹುದು. ಕಳೆದುಕೊಳ್ಳುವುದು ಏನೂ ಇಲ್ಲ. ಹಾಗಾಗಿ ಮನೆಯಲ್ಲಿ ವಿರೋಧ ಪಕ್ಷದವರು ಕೂಗಾಡಿದರೂ ನಾಯಕ ತಡೆದುಕೊಳ್ಳಬಹುದು. ಅಲ್ವಾ?

2008ರಲ್ಲಿ ಕಾಲವೂ ಕೂಡಿಬಂದಿತ್ತು. ಅದಕ್ಕೂ ಮೊದಲು, 2004ರ ಏಪ್ರಿಲ್‌ನಲ್ಲಿ, ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅವರ, ದ್ವೀಪವನ್ನು ಮತ್ತೆ ಒಂದು ಮಾಡುವ ಯೋಜನೆಯ ಮೇಲೆ ಎರಡೂ ಕಡೆ ಜನಮತ ನಡೆದಿತ್ತು. ಟರ್ಕಿಶ್ ಸೈಪ್ರಿಯಟರಲ್ಲಿ ಶೇ 65ರಷ್ಟು ಜನ ಹೂಂ ಅಂದರು, ಗ್ರೀಕ್ ಸೈಪ್ರಿಯಟರಲ್ಲಿ ಶೇ 76ರಷ್ಟು ಜನ ಊಹೂಂ ಅಂದರು. ಒಂದು ವಾರದ ಮೇಲೆ ಊಹೂಂ ಅಂದವರೇ ಯುರೋಪಿಯನ್ ಒಕ್ಕೂಟ ಸೇರಿದರು. ಉತ್ತರದವರಿಗೆ ಆ ಸಿಟ್ಟು ಇನ್ನೂ ಆರಿಲ್ಲ. ನಾಲ್ಕು ವರ್ಷ ತಣ್ಣಗಿದ್ದ ಮಾತುಕತೆಗೆ 2008ರ ಫೆಬ್ರವರಿಯಲ್ಲಿ ದಿಮಿತ್ರಿಸ್ ಕ್ರಿಸ್ತೋಫಿಯಾಸ್ ದಕ್ಷಿಣದ ಅಧ್ಯಕ್ಷರಾದ ಮೇಲೆ ಜೀವ ಬಂತು. ಉತ್ತರದ ನಾಯಕ ಮೆಹ್ಮೆತ್ ಅಲಿ ತಲಾತ್. ಇಬ್ಬರೂ ಎಡಪಕ್ಷದವರು, ಹಳೆಯ ಪರಿಚಯಸ್ಥರು. ಏಪ್ರಿಲ್ 3ಕ್ಕೆ ನಿಕೋಸಿಯಾದ ಮುಖ್ಯ ಅಂಗಡಿ ಬೀದಿ ಲೆಡ್ರಾ ಸ್ಟ್ರೀಟ್‌ನ ತಡೆಗೋಡೆ ತೆಗೆದು ದಾರಿ ಬಿಟ್ಟರು. ಸೆಪ್ಟೆಂಬರ್ 3ಕ್ಕೆ ಪೂರ್ಣ ಮಾತುಕತೆ ಶುರು. ಅದಾದ ಮುಂದಿನ ತಿಂಗಳೇ ಅಕ್ಟೋಬರ್. ಮಾತುಕತೆಯ ಕೊಠಡಿಯ ಹೊರಗೆ ಟ್ಯಾಂಕ್ ಓಡಾಡಿದರೆ ಚೆನ್ನಾಗಿರುತ್ತದಾ?

ಆ ಕೊಠಡಿ ಇದ್ದ ಜಾಗದ್ದೂ ಒಂದು ಕಥೆ. ಮಾತುಕತೆ ನಡೆದದ್ದು ನಿಕೋಸಿಯಾದ ಹಳೆಯ ವಿಮಾನ ನಿಲ್ದಾಣದ ಆವರಣದಲ್ಲಿ. 1974ರ ಜುಲೈನಲ್ಲಿ ಎರಡೂ ಸೈನ್ಯ ಆ ನಿಲ್ದಾಣಕ್ಕೆ ಕಿತ್ತಾಡುತ್ತಿದ್ದಾಗ ಅದನ್ನು ವಿಶ್ವಸಂಸ್ಥೆ ತನ್ನ ವಶಕ್ಕೆ ತೆಗೆದುಕೊಂಡಿತು. ಟರ್ಕಿ ದಾಳಿ ಮಾಡಬಹುದೆಂಬ ಭಯದಲ್ಲಿ ಬ್ರಿಟನ್ ಫ್ಯಾಂಟಮ್ ಯುದ್ಧವಿಮಾನಗಳನ್ನು ಅಕ್ರೊಟಿರಿಗೆ ಕಳಿಸಬೇಕಾಯಿತು. ಆಗ ಶಾಂತಿಪಾಲನಾ ಪಡೆಯ ಕಮಾಂಡರ್ ಮತ್ತೊಬ್ಬ ಭಾರತೀಯ, ದಿವಾನ್ ಪ್ರೇಮ್ ಚಂದ್. ನಿಲ್ದಾಣ ಕೈಬಿಡಲಿಲ್ಲ. ಅಂದಿನಿಂದ ಅಲ್ಲಿ ಪ್ರಯಾಣಿಕರ ವಿಮಾನ ಇಳಿದಿಲ್ಲ. ಟರ್ಮಿನಲ್‌ನಲ್ಲಿ ಧೂಳು ತುಂಬಿದ ಕುರ್ಚಿಗಳು, ಹೊರಗೆ ಹಾಳುಬಿದ್ದ ಒಂದು ಟ್ರೈಡೆಂಟ್ ವಿಮಾನ.

ರದ್ದು ಮರುವರ್ಷವೂ ಮುಂದುವರಿಯಿತು. ಆದರೆ ಮಾತುಕತೆ ಗಟ್ಟಿಯಾಗಲಿಲ್ಲ. 2010ರಲ್ಲಿ ತಲಾತ್ ಸೋತರು. ಆಮೇಲೆ ಜಗಳವೇ ನೆಲದಿಂದ ಸಮುದ್ರಕ್ಕೆ ಇಳಿಯಿತು, ಯಾಕೆಂದರೆ 2011ರಲ್ಲಿ ದ್ವೀಪದ ದಕ್ಷಿಣಕ್ಕೆ ಸಮುದ್ರದಡಿ ನೈಸರ್ಗಿಕ ಅನಿಲ ಸಿಕ್ಕಿತು.

ಸಮುದ್ರದ ಸಮರಾಭ್ಯಾಸದಲ್ಲಿ ಗುಂಡಿಗಿಂತ ನೋಟಿಸ್ ಮುಖ್ಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹಡಗುಗಳಲ್ಲಿ ನಾವ್‌ಟೆಕ್ಸ್ ಎಂಬ ಒಂದು ರಿಸೀವರ್ ಇರುತ್ತದೆ. 518 ಕಿಲೋಹರ್ಟ್ಸ್‌ನಲ್ಲಿ ದಡದ ಕೇಂದ್ರಗಳು ಕಳಿಸುವ ಎಚ್ಚರಿಕೆಗಳನ್ನು ಹಿಡಿದು ತೋರಿಸುತ್ತದೆ ಅಥವಾ ಕಿರಿದಾದ ಕಾಗದದ ಸುರುಳಿ ಮೇಲೆ ಅಚ್ಚು ಹಾಕುತ್ತದೆ: ಇಂಥ ಅಕ್ಷಾಂಶ ರೇಖಾಂಶದೊಳಗೆ, ಇಂಥ ದಿನದಿಂದ ಇಂಥ ದಿನದವರೆಗೆ ಗುಂಡು ಹಾರಿಸುವ ಅಭ್ಯಾಸ ಇದೆ, ದೂರ ಇರಿ. ನೋಡಲು ಹವಾಮಾನ ವರದಿಯಷ್ಟೇ ಸಪ್ಪೆ. ಆದರೆ ಆ ಜಾಗಕ್ಕೆ ಎಚ್ಚರಿಕೆ ಹೊರಡಿಸುವ ಅಧಿಕಾರ ಯಾರದ್ದು? ಸೈಪ್ರಸ್ ಸುತ್ತಲಿನ ಸಮುದ್ರಕ್ಕೆ ಸೈಪ್ರಸ್‌ನದೇ ಕೇಂದ್ರ ಇದೆ. ಎದುರಿಗೆ ಟರ್ಕಿಯ ಅಂಟಾಲ್ಯ ಕೇಂದ್ರ. ಅಂಟಾಲ್ಯ ಒಂದು ನೋಟಿಸ್ ಕಳಿಸುತ್ತದೆ. ‘ಅದಕ್ಕೆ ಅಧಿಕಾರ ಇಲ್ಲ, ನೋಟಿಸ್ ಅಸಿಂಧು’ ಅಂತ ಸೈಪ್ರಸ್ ಇನ್ನೊಂದು ಕಳಿಸುತ್ತದೆ. ಸರಕು ಹಡಗಿನ ಕ್ಯಾಪ್ಟನ್‌ಗೆ ಎರಡೂ ಬರುತ್ತವೆ. ಯಾರ ಸಮುದ್ರ ಅನ್ನುವ ಪ್ರಶ್ನೆ ಆ ಯಂತ್ರದ ಮೇಲೆ ಬಂದು ಕೂರುತ್ತದೆ.

ಆಕಾಶದಲ್ಲೂ ಇದೇ ಪಾಡು. ಅಂತರರಾಷ್ಟ್ರೀಯ ವ್ಯವಸ್ಥೆಯಲ್ಲಿ ದ್ವೀಪದ ಮೇಲಿನ ಆಕಾಶದ ನಿಯಂತ್ರಣ ನಿಕೋಸಿಯಾ ಕೇಂದ್ರದ್ದು. ಉತ್ತರದ ಎರ್ಜಾನ್ ನಿಲ್ದಾಣದ ನಿಯಂತ್ರಕರೂ ರೇಡಿಯೊದಲ್ಲಿ ಸೂಚನೆ ಕೊಡುತ್ತಾರೆ. ಟರ್ಕಿ ಕಡೆಯಿಂದ ಬರುವ ಪೈಲಟ್‌ಗಳು ಒಂದೇ ಆಕಾಶಕ್ಕೆ ಎರಡು ಧ್ವನಿ ಕೇಳಬೇಕು. ಸಮರಾಭ್ಯಾಸಕ್ಕೆ ಆಕಾಶ ಮುಚ್ಚುವ ನೋಟಿಸ್‌ಗಳೂ ಹೀಗೇ ಜೋಡಿ ಜೋಡಿ. ಎಲ್ಲ ಜಗಳದಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಇದು. ರಾಜತಾಂತ್ರಿಕರು ತಪ್ಪು ಮಾಡಿದರೆ ಸಭೆ ಮುರಿಯುತ್ತದೆ. ಇಲ್ಲಿ ತಪ್ಪಾದರೆ ವಿಮಾನ ಬೀಳುತ್ತದೆ.

ನೋಟಿಸ್ ಒಂದರಿಂದಲೇ ಮಾತುಕತೆ ನಿಂತದ್ದೂ ಉಂಟು. 2014ರ ಅಕ್ಟೋಬರ್‌ನಲ್ಲಿ ಟರ್ಕಿ, ಸೈಪ್ರಸ್ ತನ್ನದೆನ್ನುವ ಸಮುದ್ರದಲ್ಲಿ ತನ್ನ ಬಾರ್ಬರೋಸ್ ಎಂಬ ಹಡಗು ಸರ್ವೆ ಮಾಡುತ್ತದೆ ಅಂತ ನಾವ್‌ಟೆಕ್ಸ್ ಹೊರಡಿಸಿತು. ಆಗಿನ ಅಧ್ಯಕ್ಷ ನಿಕೋಸ್ ಅನಸ್ತಾಸಿಯಾಡೆಸ್ ಕೂಡಲೇ ಮಾತುಕತೆಯಿಂದ ಎದ್ದರು. ಮತ್ತೆ ಕೂತದ್ದು 2015ರ ಮೇ ತಿಂಗಳಲ್ಲಿ. ನೋಟಿಸ್‌ನ ಅವಧಿ ಮುಗಿದಿತ್ತು, ಟರ್ಕಿ ಅದನ್ನು ಮುಂದುವರಿಸಲಿಲ್ಲ, ಉತ್ತರದಲ್ಲಿ ಮುಸ್ತಫಾ ಅಕಿಂಜಿ ಗೆದ್ದು ಬಂದಿದ್ದರು. ಇಲ್ಲೂ ಯಾರೂ ಏನನ್ನೂ ಹಿಂತೆಗೆದುಕೊಳ್ಳಲಿಲ್ಲ ನೋಡಿ. ತಾನಾಗಿ ಮುಗಿಯಲು ಬಿಟ್ಟರು. 2008ರ ಜಾಣತನವೇ, ಬೇರೆ ವೇಷದಲ್ಲಿ.

2018ರ ಫೆಬ್ರವರಿಯದ್ದು ಇನ್ನೂ ನೇರ. ಇಟಲಿಯ ಎನಿ ಕಂಪನಿಗಾಗಿ ಬಾವಿ ಕೊರೆಯಲು ಸೈಪೆಮ್ 12000 ಎಂಬ ಹಡಗು ದ್ವೀಪದ ಆಗ್ನೇಯಕ್ಕಿರುವ, ಅನಿಲ ಹುಡುಕಲು ಸೈಪ್ರಸ್ ಗುರುತಿಸಿದ 3ನೇ ಬ್ಲಾಕ್‌ಗೆ ಹೊರಟಿತ್ತು. ಟರ್ಕಿಯ ಯುದ್ಧನೌಕೆಗಳು ಅಡ್ಡ ಬಂದವು. ಮುಂದೆ ಮಿಲಿಟರಿ ಚಟುವಟಿಕೆ ಇದೆ, ಹೋಗುವಂತಿಲ್ಲ ಎಂದವು. ಎರಡು ವಾರ ಕಾದು ಹಡಗು ವಾಪಸ್ ಹೋಯಿತು. ಒಂದು ಗುಂಡೂ ಹಾರಲಿಲ್ಲ. ಸಮರಾಭ್ಯಾಸ ಅನ್ನುವ ಕಾರಣವನ್ನೇ ಬೀಗದ ಹಾಗೆ ಹಾಕಿದ್ದರು. 2020ರ ಆಗಸ್ಟ್‌ನಲ್ಲಿ ಎರಡೂ ಕಡೆ ಜೋರು: ಸೈಪ್ರಸ್, ಗ್ರೀಸ್, ಫ್ರಾನ್ಸ್, ಇಟಲಿ ಸೇರಿ ‘ಯುನೋಮಿಯಾ’ ನಡೆಸಿದರೆ, ಟರ್ಕಿ ಅದೇ ದಿನಗಳಲ್ಲಿ ಗುಂಡಿನ ಅಭ್ಯಾಸಕ್ಕೆ ನೋಟಿಸ್ ಕೊಟ್ಟು, ಸೆಪ್ಟೆಂಬರ್‌ನಲ್ಲಿ ಉತ್ತರದವರ ಜೊತೆ ‘ಮೆಡಿಟರೇನಿಯನ್ ಬಿರುಗಾಳಿ’ ಎಂಬ ಅಭ್ಯಾಸ ಮಾಡಿತು. ಈಗಂತೂ ಹೊಸ ಹೊಸ ಹೆಸರುಗಳು. ಇಸ್ರೇಲ್ ಸೈನಿಕರು ಸೈಪ್ರಸ್‌ನ ಬೆಟ್ಟಗಳಲ್ಲಿ ತಾಲೀಮು ಮಾಡುತ್ತಾರೆ. 1987ರಲ್ಲಿ ಹಾಕಿದ್ದ ಶಸ್ತ್ರಾಸ್ತ್ರ ನಿರ್ಬಂಧವನ್ನು ಅಮೆರಿಕ 2022ರಲ್ಲಿ ಪೂರ್ತಿ ಸಡಿಲಿಸಿದೆ. ಉತ್ತರದ ಗೆಚಿತ್‌ಕಲೆ ನೆಲೆಗೆ 2019ರಲ್ಲೇ ಟರ್ಕಿಯ ಡ್ರೋನ್‌ಗಳು ಬಂದಿಳಿದಿವೆ. ಮೊದಲು ಇಬ್ಬರ ನಡುವಿನ ಲೆಕ್ಕವಾಗಿತ್ತು, ‘ನೀನು ಬಿಟ್ಟರೆ ನಾನೂ ಬಿಡುತ್ತೇನೆ’ ಅನ್ನಬಹುದಿತ್ತು. ಈಗ ಐದಾರು ದೇಶಗಳ ಅಭ್ಯಾಸ ಸೇರಿಕೊಂಡಿವೆ. ಯಾವುದಕ್ಕೆ ಬದಲಾಗಿ ಯಾವುದನ್ನು ಬಿಡಬೇಕು?

ಹಾಗಾದರೆ ರದ್ದು ಮಾಡಿದ್ದರಿಂದ ಶಾಂತಿ ಯಾಕೆ ಬರಲಿಲ್ಲ? ಯಾಕೆಂದರೆ ಜಗಳದ ಗಂಟು ಅಭ್ಯಾಸದಲ್ಲಿ ಇಲ್ಲ, ಅಭ್ಯಾಸ ಮಾಡುವ ಸೈನ್ಯ ಅಲ್ಲಿರಬೇಕೇ ಎನ್ನುವುದರಲ್ಲಿದೆ. 2017ರ ಜೂನ್ ಕೊನೆಗೆ ಸ್ವಿಟ್ಜರ್ಲೆಂಡ್‌ನ ಕ್ರಾನ್ಸ್-ಮೊಂಟಾನಾ ಎಂಬ ಬೆಟ್ಟದ ಊರಿನಲ್ಲಿ ಎಲ್ಲರೂ ಸೇರಿದ್ದರು: ಇಬ್ಬರು ಸೈಪ್ರಿಯಟ್ ನಾಯಕರು, ಮೂರು ಜಾಮೀನುದಾರ ದೇಶಗಳು, ಮಹಾಕಾರ್ಯದರ್ಶಿ ಅಂಟೋನಿಯೊ ಗುಟೆರೆಸ್. ಒಂದೇ ದೇಶ, ಎರಡು ರಾಜ್ಯಗಳ ಒಕ್ಕೂಟ ಎನ್ನುವ ಚೌಕಟ್ಟು 1977ರಿಂದಲೇ ಇತ್ತು. ಆಸ್ತಿ, ಆಡಳಿತ, ಗಡಿ ಇವುಗಳಲ್ಲಿ ಸಾಕಷ್ಟು ಹತ್ತಿರ ಬಂದಿದ್ದರು. ಕಡೆಗೆ ಸಿಕ್ಕಿಬಿದ್ದದ್ದು ಭದ್ರತೆಯಲ್ಲಿ. ಗ್ರೀಕ್ ಕಡೆಯವರು ‘ಜಾಮೀನು ರದ್ದಾಗಬೇಕು, ಟರ್ಕಿಯ ಸೈನ್ಯ ಹೋಗಬೇಕು’ ಎಂದರು. ಟರ್ಕಿಶ್ ಕಡೆಯವರು ‘ಪೂರ್ತಿ ಹೋದರೆ 1963ರಂತೆ ಆದಾಗ ನಮಗೆ ಯಾರು ಗತಿ’ ಎಂದರು. ಉತ್ತರದಲ್ಲಿ ಟರ್ಕಿಯ 30 ಸಾವಿರಕ್ಕೂ ಹೆಚ್ಚು ಸೈನಿಕರಿದ್ದಾರೆ ಎನ್ನುವುದು ಸಾಮಾನ್ಯ ಅಂದಾಜು. ಜುಲೈ 7ರ ನಸುಕಿನಲ್ಲಿ ಮಾತುಕತೆ ಮುರಿಯಿತು. ಯಾರಿಂದ ಮುರಿಯಿತು ಅನ್ನುವುದಕ್ಕೆ ಕೊಠಡಿಯಲ್ಲಿದ್ದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಆಮೇಲೆ 2020ರಲ್ಲಿ ಉತ್ತರದಲ್ಲಿ ಗೆದ್ದ ಎರ್ಸಿನ್ ಟಾಟರ್ ಒಕ್ಕೂಟವೇ ಬೇಡ, ಎರಡು ದೇಶ ಮಾಡಿ ಎಂದರು. ಐದು ವರ್ಷ ಅದರಲ್ಲೇ ಹೋಯಿತು. 2025ರ ಅಕ್ಟೋಬರ್ 19ರ ಚುನಾವಣೆಯಲ್ಲಿ ಅವರನ್ನು ಸೋಲಿಸಿದವರು ತುಫಾನ್ ಎರ್ಹುರ್ಮನ್. ಶೇ 60ಕ್ಕೂ ಹೆಚ್ಚು ಮತ ಬಿತ್ತು. ಇವರು ತಲಾತ್ ಅವರದೇ ಪಕ್ಷದವರು, ಒಕ್ಕೂಟದ ಕಡೆಗೆ ಒಲವಿರುವವರು. ನವೆಂಬರ್ 20ಕ್ಕೆ ದಕ್ಷಿಣದ ಅಧ್ಯಕ್ಷ ನಿಕೋಸ್ ಕ್ರಿಸ್ತೊದುಲಿದೆಸ್ ಅವರನ್ನು ಭೇಟಿಯಾದರು. ಎರ್ಹುರ್ಮನ್ ಕೇಳುವುದು: ಮಾತುಕತೆಗೆ ಕಾಲಮಿತಿ ಇರಲಿ, ಇಲ್ಲಿವರೆಗೆ ಒಪ್ಪಿದ್ದನ್ನು ಮತ್ತೆ ಕೆದಕುವುದು ಬೇಡ, ಈ ಸಲವೂ ಗ್ರೀಕ್ ಕಡೆಯವರು ಎದ್ದು ಹೋದರೆ ನಮ್ಮನ್ನು ಹಳೆಯ ಸ್ಥಿತಿಗೆ ತಳ್ಳಬಾರದು. 2004ರ ಗಾಯ ಅದರಲ್ಲಿ ಎದ್ದು ಕಾಣುತ್ತದೆ.

ಇದರ ನಡುವೆ ಭದ್ರತಾ ಮಂಡಳಿ ತನ್ನ ನಿರ್ಣಯಗಳಲ್ಲಿ ಮತ್ತೆ ಮತ್ತೆ ಕೇಳುತ್ತಾ ಬಂದಿರುವ ಒಂದು ಸಣ್ಣ ವಿಷಯ ಇದೆ. ಎದುರು ಬದುರು ನಿಂತ ಎರಡು ಸೈನ್ಯಗಳ ನಡುವೆ ನೇರ ಸಂಪರ್ಕದ ವ್ಯವಸ್ಥೆ ಮಾಡಿ ಎನ್ನುವುದು. ಭಾರತ-ಪಾಕಿಸ್ತಾನದ ಮಿಲಿಟರಿ ಅಧಿಕಾರಿಗಳ ನಡುವೆ ಹಾಟ್‌ಲೈನ್ ಇದೆ, ಯುದ್ಧದ ಹೊಸ್ತಿಲಲ್ಲೂ ಅದರಲ್ಲಿ ಮಾತಾಡುತ್ತಾರೆ. ಸೈಪ್ರಸ್‌ನಲ್ಲಿ ಕದನವಿರಾಮ ಆಗಿ ಐವತ್ತು ವರ್ಷ ದಾಟಿದರೂ ಅಂಥದ್ದು ಆಗಿಲ್ಲ. ಒಂದು ಠಾಣೆಯಲ್ಲಿ ಯಾರೋ ಕ್ಯಾಮೆರಾ ಕಂಬ ನಿಲ್ಲಿಸಿದರೆ ಎದುರಿನವರು ವಿಶ್ವಸಂಸ್ಥೆಯವರಿಗೆ ದೂರು ಕೊಡುತ್ತಾರೆ, ಅವರು ಹೋಗಿ ಇವರಿಗೆ ಹೇಳುತ್ತಾರೆ, ಇವರ ಉತ್ತರ ತಂದು ಅವರಿಗೆ ಮುಟ್ಟಿಸುತ್ತಾರೆ. ಫೋನ್ ಮಾಡಿದರೆ ಅದು ಮಾನ್ಯತೆ ಕೊಟ್ಟಂತೆ ಆಗುತ್ತದಾ ಇಲ್ಲವಾ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.